ಗುಜರಿಗೆ ಹೋಗಬೇಕಿದ್ದ ಶಾಫ್ಟು

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್. ಎರಡು ವರ್ಷದ ಹಿಂದೆ, ಜನವರಿ, ತೊಗರಿ ಲಾರಿಗಳು ಗೇಟಿನ ಮುಂದೆ ಸಾಲಾಗಿ ನಿಂತಿದ್ದಾಗಲೇ ರೋಲರ್ ಶಾಫ್ಟು, ಅಂದರೆ ರೋಲರ್ ತಿರುಗಿಸುವ ಉಕ್ಕಿನ ದಂಡ, ಕೈಕೊಟ್ಟಿತು. ಬೇರಿಂಗ್ ಕೂರುವ ಜಾಗ ಸವೆದಿತ್ತು. ಎಷ್ಟು ಅಂತೀರಿ? ಉಗುರಿನಷ್ಟು ದಪ್ಪ. 75 ಕೆಜಿ ಶಾಫ್ಟಿನಲ್ಲಿ ಕೆಟ್ಟಿದ್ದು ಅಷ್ಟೇ.

ವೆಲ್ಡಿಂಗ್ ಮಾಡಿಸಿ ಲೇತಿಗೆ ಹಾಕಿಸಿದೆ. ವೆಲ್ಡಿಂಗಿನ ಬಿಸಿಗೆ ಶಾಫ್ಟು ಕೂದಲೆಳೆಯಷ್ಟು ಬಾಗಿತ್ತು. ಮಿಲ್ ಚಾಲೂ ಮಾಡಿದರೆ ಗೋಡೆಯ ಕ್ಯಾಲೆಂಡರೂ ಕುಣಿಯುತ್ತಿತ್ತು. "ಗುಜರಿಗೆ ಹಾಕ್ರಿ ಸರ್ರ, ಹೊಸಾದು ಮಾಡ್ಕೊಡ್ತೀನಿ" ಅಂದ್ರು ಲೇತಿನವರು. ಹಾಕಿದೆ. ಹೋದ ವರ್ಷ ಎರಡನೇ ಮಷಿನಿಗೂ ಅದೇ ರೋಗ. ಈ ಸಲ ಹಟಕ್ಕೆ ಬಿದ್ದು ಶಾಫ್ಟನ್ನು ಹೈದರಾಬಾದಿಗೆ ಒಯ್ದು ಲೇಸರ್ ಕ್ಲ್ಯಾಡಿಂಗ್ ಮಾಡಿಸಿದೆ.

ಪಕ್ಕದಲ್ಲೇ ನಿಂತು ನೋಡಿದೆ. ಶಾಫ್ಟು ನಿಧಾನಕ್ಕೆ ತಿರುಗುತ್ತೆ. ನಾಜಲ್‌ನಿಂದ ಲೋಹದ ಪುಡಿ ಉದುರುತ್ತೆ, ಹಿಟ್ಟಿಗಿಂತ ಸ್ವಲ್ಪ ತರಿ. ಅದು ಬೀಳುವ ಜಾಗಕ್ಕೇ ಲೇಸರ್ ಕಿರಣ. ಕರಗಿದ ಪುಡಿ ಕಬ್ಬಿಣಕ್ಕೆ ಕಚ್ಚಿಕೊಂಡು, ಪಟ್ಟಿಯ ಪಕ್ಕ ಪಟ್ಟಿ ಕೂರುತ್ತೆ. ಮುಗಿದ ಮೇಲೆ ಒಂದು ಗೇಣು ಆಚೆ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೆ. ಬಿಸಿ ಅಷ್ಟು ಕಡಿಮೆ ಇರೋದಕ್ಕೇ ಶಾಫ್ಟು ಬಾಗಲಿಲ್ಲ. ಆಮೇಲೆ ಗ್ರೈಂಡಿಂಗ್, ಮುಗೀತು.

ಈಗ ಕಾರ್ಬನ್ ಲೆಕ್ಕಕ್ಕೆ ಬರ್ತೀನಿ, ಹೊಸದು ಮಾಡಿಸದೆ ರಿಪೇರಿ ಮಾಡಿಸಿದ್ದಕ್ಕೆ ಹೊಗೆ ಎಷ್ಟು ಉಳೀತು ಅಂತ. ಅದಿರಿನಿಂದ ಒಂದು ಟನ್ ಉಕ್ಕು ಮಾಡಲು ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತೆ, ನಮ್ಮ ದೇಶದಲ್ಲಿ ಇನ್ನೂ ಜಾಸ್ತಿ. ಅಂದರೆ ಹೊಸ ಶಾಫ್ಟಿನ ಉಕ್ಕಿಗೇ 150 ಕೆಜಿ ದಾಟುತ್ತೆ. ಲೇಸರಿಗೆ, ಅದನ್ನು ತಂಪಾಗಿಡುವ ಚಿಲ್ಲರ್ ಮಷಿನಿಗೆ ಸೇರಿ 30 ಯೂನಿಟ್ ಕರೆಂಟ್ ಹೋಯ್ತು ಅಂತಲೇ ಹಿಡಿಯಿರಿ. ನಮ್ಮಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆಜಿ, ಒಟ್ಟು 21 ಕೆಜಿ. ಪುಡಿ, ಗ್ರೈಂಡಿಂಗ್, ಹೋಗಿಬಂದ ಡೀಸೆಲ್ ಬೇರೆ. ನಾನು ಸುಮ್ನೆ ಆ ಶಾಫ್ಟೊಂದಕ್ಕೇ ಕಾರು ಮಾಡಿಕೊಂಡು ಹೋಗಿದ್ದರೆ, ಹೋಗಿಬರೋ 440 ಕಿಲೋಮೀಟರಿನ ಹೊಗೆಯಲ್ಲೇ ಉಳಿತಾಯದ ದೊಡ್ಡ ಪಾಲು ಹೋಗಿಬಿಡ್ತಿತ್ತು. ಬೇರೆ ಸರಕಿನ ಗಾಡಿಯಲ್ಲಿ ಹಾಕಿ ಒಯ್ದೆ ಅನ್ನೋದು ಬೇರೆ ಮಾತು.

ಅದಕ್ಕೇ ಲೋಹದ ಶೀಟು ಕೊಯ್ಯುವ ಲೇಸರ್ ಕಟಿಂಗ್ ಮಷಿನ್ ಮೇಲೆ ಪರಿಸರಸ್ನೇಹಿ ಅನ್ನೋ ಹಸಿರು ಎಲೆಯ ಸ್ಟಿಕ್ಕರ್ ನೋಡಿದರೆ ನಗು ಬರುತ್ತೆ. ಆ ಮಷಿನಿನಲ್ಲಿರೋ ಫೈಬರ್ ಲೇಸರ್ (ಗಾಜಿನ ಎಳೆಯೊಳಗೆ ಕಿರಣ ಹುಟ್ಟಿಸುವಂಥದ್ದು) ಒಳ್ಳೇದೇ, ಒಪ್ಪುತ್ತೀನಿ. ಹಳೇ ಕಾರ್ಬನ್ ಡೈಆಕ್ಸೈಡ್ ಲೇಸರುಗಳು ಎಳೆದ ಕರೆಂಟಿನಲ್ಲಿ 10ನೇ ಒಂದು ಭಾಗದಷ್ಟನ್ನು ಬೆಳಕು ಮಾಡುತ್ತಿದ್ದವು, ಇವು 3ನೇ ಒಂದು ಭಾಗ ಮಾಡುತ್ತವೆ. (ಆ ಹಳೇ ಲೇಸರ್ ಕಂಡುಹಿಡಿದವರು ನಮ್ಮ ಪುಣೆ ಕಡೆಯ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್, 1964ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಯಾವ ಗ್ಯಾಸನ್ನು ಬೈಯುತ್ತಿದ್ದೇವೋ ಅದೇ ಗ್ಯಾಸಿನಿಂದ!) ಆದರೆ ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ, ಕೆಲಸ ಇಲ್ಲದಿದ್ದರೂ ಚಿಲ್ಲರ್ ಗುಂಯ್ ಅಂತಿರುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಕೊಯ್ಯಲು ನೈಟ್ರೋಜನ್ ಬೇಕು, ಅದನ್ನು ಗಾಳಿಯಿಂದ ಬೇರೆ ಮಾಡೋಕೂ ಕರೆಂಟು ಬೇಕು. ಉಳಿತಾಯ ಇರೋದು ಶೀಟಿನಲ್ಲಿ. ಒತ್ತೊತ್ತಾಗಿ ಜೋಡಿಸಿ ಕೊಯ್ದು ಗುಜರಿ ಕಡಿಮೆ ಮಾಡಿದರೆ ಉಂಟು, ಇಲ್ಲಾಂದ್ರೆ ಇಲ್ಲ.

ವಾಡಿ, ಸೇಡಂ ಸಿಮೆಂಟ್ ಫ್ಯಾಕ್ಟರಿಗಳ ಹೊಗೆಗೆ ಲೇಸರ್ ಮದ್ದಲ್ಲ, ಅಲ್ಲಿ ಹೆಚ್ಚಿನ ಪಾಲು ಸುಣ್ಣದಕಲ್ಲು ಸುಟ್ಟಾಗ ಆ ಕಲ್ಲಿನಿಂದಲೇ ಬರುತ್ತೆ. ಆದರೆ ಅಲ್ಲಿ, ಬೀದರ್ ಸಕ್ಕರೆ ಕಾರ್ಖಾನೆಗಳಲ್ಲಿ, ನಮ್ಮ ದಾಲ್ ಮಿಲ್ಲುಗಳಲ್ಲಿ ಸವೆಯುವ ಶಾಫ್ಟುಗಳು ಎಷ್ಟಿವೆ ಹೇಳಿ? ಸಬ್ಸಿಡಿ ಕೊಡೋದಾದರೆ ಕಟಿಂಗ್ ಮಷಿನಿಗಿಂತ ಮೊದಲು ಇಲ್ಲೊಂದು ರಿಪೇರಿ ಲೇಸರಿಗೆ ಕೊಡಲಿ ಅನ್ನೋದು ನನ್ನ ವಾದ. ನಾಲ್ಕೈದು ಮಿಲ್ಲಿನವರು ಕೂಡಿ ಹಾಕಿದರೂ ಆದೀತು, ಅಲ್ವಾ?

ಆ ಶಾಫ್ಟು ಈ ಸೀಸನ್ ಪೂರಾ ಓಡಿತು. ಮೂರನೇ ಮಷಿನಿಂದು ಮೊನ್ನೆಯಿಂದ ಕಿರ್ ಅಂತಿದೆ. ಹೈದರಾಬಾದಿಗೆ ಗಾಡಿ ಹೋಗೋರು ಇದ್ದರೆ ಕಾಮೆಂಟಿನಲ್ಲಿ ತಿಳಿಸಿ, 75 ಕೆಜಿಯ ಒಂದು ಲಗೇಜ್ ಇದೆ.