ಕಾಲಿಟ್ಟಲ್ಲೇ ಕೈ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯವರಿಗೆ ಬರಿಗಾಲಿನಲ್ಲಿ ಹತ್ತುವುದು ಹೊಸ ವಿದ್ಯೆಯಲ್ಲ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಅಡಕೆ ಮರದ ತುದಿಗೆ ಹೋಗಿ, ಅಲ್ಲಿಂದಲೇ ಬಾಗಿ ಪಕ್ಕದ ಮರ ಹಿಡಿದು, ನೆಲ ಮುಟ್ಟದೆ ಮರದಿಂದ ಮರಕ್ಕೆ ದಾಟುತ್ತಾ ಅಡಕೆ ಗೊನೆ ಇಳಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರು ಸಿಗದ ದಿನಗಳಿಗೆಂದು ಕಾರ್ಬನ್ ಫೈಬರಿನ ದೋಟಿ ಬಂದಿದೆ, ಅದು ಬೇರೆ ಕತೆ. ಅವರ ಅಂಗಾಲಿನ ಶುಚಿತ್ವದ ಬಗ್ಗೆ ಇದುವರೆಗೆ ಯಾವ ಮರವೂ ಆಕ್ಷೇಪ ಎತ್ತಿಲ್ಲ. ಹಾಗಿರುವಾಗ ನನ್ನ ಅಳಿಯ, ಅಕ್ಕನ ಮಗ, ತನ್ನ ಹತ್ತುವ ಗೋಡೆಯ ಪಕ್ಕದಲ್ಲಿ "ಬರಿಗಾಲಿನಲ್ಲಿ ಹತ್ತಬಾರದು" ಎಂದು ಕನ್ನಡದಲ್ಲೂ ಮಲಯಾಳದಲ್ಲೂ ಬೋರ್ಡು ತೂಗಿಸಿದ್ದು ಆ ಮನೆಯಲ್ಲಿ ಯಾರಿಗೂ ಸರಿ ಬರಲಿಲ್ಲ.

ಗೋಡೆ ಎಂದರೆ ಕಲ್ಲಿನದ್ದಲ್ಲ. ಅಳಿಯ ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ಕೆಲಸ ಮಾಡುವವ. ಅಲ್ಲಿದ್ದಾಗ ಹತ್ತಿಸಿಕೊಂಡ ಮರುಳು ಇದು. ಹಳೆಯ ಅಡಕೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದರೊಳಗೆ ಕಬ್ಬಿಣದ ಚೌಕಟ್ಟು, ಚೌಕಟ್ಟಿಗೆ ದಪ್ಪ ಪ್ಲೈವುಡ್, ಪ್ಲೈವುಡ್ಡಿನ ತುಂಬ ತೂತು, ತೂತಿಗೆ ಬೋಲ್ಟು ಬಿಗಿದು ಹಳದಿ, ಕೆಂಪು, ಹಸಿರು ಪ್ಲಾಸ್ಟಿಕ್ಕಿನ ಗಡ್ಡೆಗಳು. ಅವಕ್ಕೆ ಹೋಲ್ಡ್ ಎನ್ನುತ್ತಾರೆ. ಎತ್ತರ 4 ಮೀಟರು, ಹಗ್ಗ ಇಲ್ಲ, ಬಿದ್ದರೆ ಕೆಳಗಿನ ದಪ್ಪ ಫೋಮಿನ ಹಾಸಿಗೆಗೆ ಬೀಳಬೇಕು. ಇದರ ಹೆಸರು ಬೌಲ್ಡರಿಂಗ್. ಭಾನುವಾರ ಬಂತೆಂದರೆ ಕುಂಬಳೆಯಿಂದ, ಮುಳ್ಳೇರಿಯದಿಂದ ಕಾಲೇಜಿನ ಹುಡುಗರು ಬೈಕಿನಲ್ಲಿ ಬಂದು ಅಂಗಳ ತುಂಬುತ್ತಾರೆ.

ಮೊದಲ ಆರೋಗ್ಯ ತಪಾಸಣೆ ಮಾಡಿದವರು ದೊಡ್ಡಮ್ಮ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಒಬ್ಬ ಹತ್ತಿದ, ಕಾಲು ಇಟ್ಟು ಇಳಿದ. ಇನ್ನೊಬ್ಬ ಬಂದು ಅದೇ ಗಡ್ಡೆಗೆ ಕೈ ಹಾಕಿದ.

"ಅಲ್ಲ ಮಗಾ, ಅವ ಕಾಲಿಟ್ಟಲ್ಲೇ ಇವ ಕೈ ಇಟ್ಟದ್ದಲ್ವಾ?"

"ಹೌದು ಅಜ್ಜಿ, ಇದು ಹಾಗೇ."

"ಮತ್ತೆ ಅದೇ ಕೈಯಲ್ಲಿ ನೀರುದೋಸೆ ತಿನ್ನುವುದಾ?"

ಅಳಿಯ ಮಾತಾಡಲಿಲ್ಲ. ಆ ಹೊತ್ತಿಗೆ ಒಬ್ಬ ಹುಡುಗ ಬೆರಳಿಗೆ ಸುತ್ತಿದ ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. ದೊಡ್ಡಮ್ಮ ಅದನ್ನೂ ನೋಡಿದರು. ಅಂದಿನಿಂದ ಕೊಟ್ಟಿಗೆಯಿಂದ ಬಂದವರಿಗೆ ಸಾಬೂನು ಹಚ್ಚಿ ಕೈ ತೊಳೆಯದೆ ಬೆಲ್ಲ ನೀರೂ ಇಲ್ಲ ಎಂಬ ಕಾನೂನು ಬಂತು. ನನ್ನನ್ನು ಕೇಳಿದರೆ ಇಡೀ ಪ್ರಕರಣದಲ್ಲಿ ಬುದ್ಧಿ ಇದ್ದ ಕಾನೂನು ಅದೊಂದೇ.

ಹಾಗೆಂದು ಅಳಿಯನ ಬೋರ್ಡು ಬರೇ ಬೆಂಗಳೂರಿನ ಜಂಭ ಎನ್ನುವ ಹಾಗಿಲ್ಲ. ಹೋಲ್ಡಿನ ಮೈ ಮರಳಿನ ಕಾಗದದಷ್ಟು ಒರಟು. ಬರಿಗಾಲು ಜಾರಿ ಉಜ್ಜಿದರೆ ಚರ್ಮ ಅಲ್ಲೇ ಉಳಿಯುತ್ತದೆ, ಕೆಲವೊಮ್ಮೆ ರಕ್ತವೂ. ಬೆವರು, ಎಣ್ಣೆ, ಕೈಗೆ ಹಚ್ಚುವ ಮೆಗ್ನೀಶಿಯಂ ಕಾರ್ಬೊನೇಟಿನ ಬಿಳಿ ಪುಡಿ ಎಲ್ಲ ಸೇರಿ ಆ ಒರಟು ಸಂದಿಗಳಲ್ಲಿ ಮೆತ್ತಿಕೊಂಡರೆ ಹೋಲ್ಡು ನುಣ್ಣಗಾಗುತ್ತದೆ. ಅಂಗಾಲಿನ ನರಹುಲಿ ವೈರಸ್ಸಿನಿಂದ ಬರುವಂಥದ್ದು, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬೆರಳ ಸಂದಿ ಬೆಳ್ಳಗಾಗಿ ತುರಿಸುವ ಶಿಲೀಂಧ್ರವೂ ಹಾಗೆಯೇ. ಜೂನ್ ತಿಂಗಳಲ್ಲಿ ನಮ್ಮ ತೋಟದ ಕೆಸರಿನಲ್ಲಿ ಓಡಾಡಿದ ಎಷ್ಟು ಕಾಲಿನ ಸಂದಿ ನೆಟ್ಟಗಿರುತ್ತದೆ ಹೇಳಿ.

ಬರಿಗಾಲಿನ ಪಕ್ಷದಲ್ಲಿ ವಾದಿಸಲು ಒಬ್ಬ ಡಿಗ್ರಿ ಹುಡುಗ ಇದ್ದ. ಫ್ರಾನ್ಸಿನ ಶಾರ್ಲ್ ಆಲ್ಬೇರ್ ಎಂಬವ ಫಾಂಟೇನ್‌ಬ್ಲೋ ಕಾಡಿನ ಬಂಡೆಗಳನ್ನು ಬರಿಗಾಲಿನಲ್ಲೇ ಹತ್ತುವುದು, 2018ರಲ್ಲಿ ಜಗತ್ತಿನ ಅತಿ ಕಷ್ಟದವುಗಳಲ್ಲಿ ಒಂದನ್ನು ಹಾಗೇ ಹತ್ತಿದ್ದು, ಜರ್ಮನಿಯಲ್ಲಿ ಬೆರ್ನ್ಡ್ ಆರ್ನಾಲ್ಡ್ ಎಂಬವರು ಅದಕ್ಕೂ ಮೊದಲೇ ಮರಳುಗಲ್ಲಿನ ಗೋಪುರಗಳನ್ನು ಬರಿಗಾಲಿನಲ್ಲಿ ಏರಿ ಹೆಸರು ಮಾಡಿದ್ದು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಹೇಳಿದ್ದೆಲ್ಲ ಸರಿಯೇ. ಆದರೆ ಆ ಬಂಡೆಗಳಿಗೆ ಮಳೆ ಬೀಳುತ್ತದೆ, ಬಿಸಿಲು ಬೀಳುತ್ತದೆ. ನಮ್ಮ ಕೊಟ್ಟಿಗೆಯ ಪ್ಲಾಸ್ಟಿಕ್ಕು ಸೂರ್ಯನ ಮುಖ ನೋಡಿದ್ದು ಪಾರ್ಸೆಲ್ ಬಿಚ್ಚಿದ ದಿನ ಮಾತ್ರ.

ಸರಿ, ಬೂಟು ಹಾಕೋಣ. ಹತ್ತುವ ಬೂಟು ಬಹಳ ಬಿಗಿ. ಕಾಲ್ಬೆರಳು ಮುದುಡಿ ಕುಳಿತುಕೊಳ್ಳಬೇಕು, ಹೆಚ್ಚಿನವರು ಒಳಗೆ ಕಾಲುಚೀಲವನ್ನೂ ಹಾಕುವುದಿಲ್ಲ. ಬಂದವರಿಗೆ ಕೊಡಲೆಂದು ಅಳಿಯ ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ಬೂಟು ತರಿಸಿದ್ದ. ಒಬ್ಬನ ಕಾಲಿನಿಂದ ಕಳಚಿದ್ದು ಬಿಸಿ ಆರುವ ಮೊದಲೇ ಇನ್ನೊಬ್ಬನ ಕಾಲಿಗೆ. ಆಟಿ ತಿಂಗಳ ಮಳೆಗಾಲದ ಥಂಡಿಯಲ್ಲಿ ಆ ಬೂಟಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ನೀರಡಕೆಯ ಭರಣಿ ತೆರೆದ ಹಾಗೆ. ಅಡಕೆಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು ತೆಗೆದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಬೂಟು ಹಾಕಿಕೊಂಡೇ ಒಬ್ಬ ಹುಡುಗ ಬಾವಿಕಟ್ಟೆಯ ಹಿಂದಿನ ಕಕ್ಕಸಿಗೆ ಹೋದ. ಹೋದದ್ದು ತಪ್ಪಲ್ಲ, ಪಾಪ. ಬಂದವ ನೇರ ಗೋಡೆಗೆ ಹೋಗಿ, ಹಸಿ ಬೂಟಿನ ತುದಿಯನ್ನು ಹಳದಿ ಹೋಲ್ಡಿನ ಮೇಲೆ ಊರಿ ಎದ್ದ. ಅದೇ ಹೋಲ್ಡಿಗೆ ಕೈ ಹಾಕಬೇಕಾದ ಸರದಿ ಅಕ್ಕನ ಕಿರಿ ಮಗಳದ್ದು. ಎಂಟನೇ ಕ್ಲಾಸಿನವಳು, ಆಗಷ್ಟೆ ಕಾಲು ತೊಳೆದು ಒರೆಸಿಕೊಂಡು ಬಂದು, ಬೂಟಿಲ್ಲ ಎಂಬ ಕಾರಣಕ್ಕೆ ಅಣ್ಣನಿಂದ ಬೈಗುಳ ತಿಂದು ನಿಂತಿದ್ದಳು.

"ಅವನ ಬೂಟು ಮಡಿ, ಇವಳ ಕಾಲು ಮೈಲಿಗೆಯಾ?" ಎಂದು ದೊಡ್ಡಮ್ಮ ಬಾಗಿಲಿಂದಲೇ ಕೇಳಿದರು.

ಹತ್ತುವವರ ಲೋಕದಲ್ಲೂ ಇದಕ್ಕಿಂತ ದೊಡ್ಡ ಅಪರಾಧ ಇಲ್ಲವಂತೆ. ಹತ್ತುವ ಬೂಟಿನಲ್ಲಾಗಲಿ ಬರಿಗಾಲಿನಲ್ಲಾಗಲಿ ಕಕ್ಕಸಿಗೆ ಹೋಗಕೂಡದು, ಬಾಗಿಲ ಬಳಿ ಚಪ್ಪಲಿ ಇಟ್ಟುಕೊಂಡು ಬದಲಾಯಿಸಿಯೇ ಹೋಗಬೇಕು. ಅಳಿಯನಿಗೆ ಗೊತ್ತಿತ್ತು, ಬೋರ್ಡಿನಲ್ಲಿ ಬರೆದಿರಲಿಲ್ಲ. ಬರಿಗಾಲು ಕಣ್ಣಿಗೆ ಕಾಣುವುದರಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ. ಬೂಟು ಎಲ್ಲೆಲ್ಲಿ ತಿರುಗಿ ಬಂದಿದೆ ಎಂದು ಕೇಳುವವರು ಯಾರು? ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಊರಿನಲ್ಲಿ ಈ ಪ್ರಶ್ನೆ ಏಳಲು ಅಜ್ಜಿಯೊಬ್ಬರು ಬೇಕಾಯಿತು.

ಬೋರ್ಡು ಬದಲಾಯಿತು. ಚಪ್ಪಲಿಯ ಸಾಲು ಬಂತು, ಜಗಲಿಯ ಹಂಡೆಯನ್ನೇ ಕೊಟ್ಟಿಗೆಯ ಬಾಗಿಲಿಗೆ ತಂದಿಟ್ಟು "ಕಾಲು ತೊಳೆದು ಒಳಗೆ ಬನ್ನಿ" ಎಂದಾಯಿತು. ನಮ್ಮವರಿಗೆ ಒಪ್ಪುವ ಮಾತು, ಎಲ್ಲರೂ ಧಾರಾಳವಾಗಿ ತೊಳೆದರು. ಒರೆಸಿಕೊಳ್ಳಬೇಕೆಂದು ಬರೆದಿರಲಿಲ್ಲವಲ್ಲ, ಮೊಣಕಾಲಿನವರೆಗೆ ನೀರು ಸುರಿಸಿಕೊಂಡೇ ಹಾಸಿಗೆಯ ಮೇಲೆ ನಡೆದರು. ಉದುರಿದ ಬಿಳಿ ಪುಡಿಗೆ ನೀರು ಸೇರಿ ಕಾಲಡಿಯಲ್ಲಿ ಗಂಜಿಯಾಯಿತು. ಫೋಮು ಒಮ್ಮೆ ನೀರು ಕುಡಿದರೆ ಕಾಸರಗೋಡಿನ ಜುಲೈ ತಿಂಗಳಲ್ಲಿ ಅದನ್ನು ಒಣಗಿಸುವ ಗಂಡು ಹುಟ್ಟಿಲ್ಲ. ಮುಂದಿನ ಭಾನುವಾರಕ್ಕೆ ಹಾಸಿಗೆಯ ಮೂಲೆಯಲ್ಲಿ ಹಸಿರು ಬೂಸ್ಟು.

ಇಲ್ಲಿ ಬಾವನ ಪ್ರವೇಶ. ಬೂಸ್ಟು ಎಂಬ ಮಾತು ಕಿವಿಗೆ ಬಿದ್ದರೆ ಅಡಕೆ ಕೃಷಿಕನ ಕೈ ತನ್ನಿಂದ ತಾನೇ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ಚೀಲಕ್ಕೆ ಹೋಗುತ್ತದೆ. ಮರುದಿನ ತೋಟಕ್ಕೆ ಕೊಳೆರೋಗಕ್ಕೆ ಎರಡನೇ ಸುತ್ತಿನ ಮದ್ದು ಬಿಡುವುದಿತ್ತು. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಬೋರ್ಡೋ ದ್ರಾವಣ. ಬಾವ ಶಾಸ್ತ್ರಬದ್ಧವಾಗಿ ಕತ್ತಿಯ ಅಲಗನ್ನು ಅದ್ದಿ ತೆಗೆದು, ತಾಮ್ರದ ಬಣ್ಣ ಹಿಡಿಯಲಿಲ್ಲ, ಸುಣ್ಣ ಸಾಕಾಗಿದೆ ಎಂದು ತಲೆಯಾಡಿಸಿದರು. ಮರಕ್ಕೆ ಬಿಟ್ಟು ಉಳಿದದ್ದನ್ನು ಚೆಲ್ಲುವುದು ಬಾವನ ಜಾಯಮಾನವಲ್ಲ. ಅಳಿಯ ಮೀಟಿಂಗಿನಲ್ಲಿದ್ದಾಗ ಪಂಪಿನ ಪೈಪು ಎಳೆದುಕೊಂಡು ಹೋಗಿ ಹಾಸಿಗೆ, ಬೂಟಿನ ಪೆಟ್ಟಿಗೆ, ಗೋಡೆಯ ಕೆಳಸಾಲು, ಎಲ್ಲದಕ್ಕೂ ಮದ್ದು ಬಿಟ್ಟರು.

"ಎಂತ ಬಾವ ಇದು?" ಎಂದೆ.

"ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆಂದು ಹುಡುಕಿದ ಮದ್ದು ಮಾರಾಯ. ಆ ಬರಿಗಾಲಿನವನ ದೇಶದ್ದೇ."

ಕೊಳೆರೋಗ ತರುವ ಫೈಟೋಫ್ತೋರಾಕ್ಕೂ ಬೆರಳ ಸಂದಿಯ ಶಿಲೀಂಧ್ರಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ ಎಂದು ಹೇಳಲು ಹೋದೆ. ಪಂಪಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಎಲೆಗೆ, ಗೊನೆಗೆ ಗಟ್ಟಿಯಾಗಿ ಅಂಟಿ ಮಳೆಗೂ ತೊಳೆದುಹೋಗದಿರುವುದೇ ಆ ಮದ್ದಿನ ಗುಣ. ಬಾವ ಅಂಟು ಹೆಚ್ಚಲೆಂದು ರಾಳವನ್ನೂ ಸೇರಿಸಿದ್ದರು. ಭಾನುವಾರ ಗೋಡೆ ಹತ್ತಿದವರೆಲ್ಲ ನೀಲಿ ಅಂಗೈ, ನೀಲಿ ಮೂಗಿನ ತುದಿಯೊಂದಿಗೆ ಇಳಿದರು. ಮೂಗು ಏಕೆಂದರೆ, ಎರಡೂ ಕೈ ಗೋಡೆಯಲ್ಲಿರುವಾಗಲೇ ಮನುಷ್ಯನಿಗೆ ಮೂಗು ತುರಿಸುವುದು. ಒಬ್ಬನಿಗೆ ಕೈ ಉರಿಯೂ ಆಯಿತು, ದೊಡ್ಡಮ್ಮ ತೆಂಗಿನೆಣ್ಣೆ ಹಚ್ಚಿ ಕಳಿಸಿದರು.

ಅಳಿಯ ಹೋಲ್ಡುಗಳನ್ನು ಬಿಚ್ಚಿ ಅದೇ ಪಂಪಿನಲ್ಲಿ ಬರೇ ನೀರು ಬಿಟ್ಟು ತೊಳೆದ. ಒತ್ತಡದ ನೀರಿನಲ್ಲಿ ಹೋಲ್ಡು ತೊಳೆಯುವುದು ಎಲ್ಲ ಕಡೆಯೂ ಇರುವ ಕ್ರಮವೇ, ಅಷ್ಟರ ಮಟ್ಟಿಗೆ ಬಾವನ ಪಂಪು ಮಾನ ಉಳಿಸಿಕೊಂಡಿತು. ಬೂಟನ್ನೂ ತೊಳೆದ. ಒಣಗಿಸುವುದೆಲ್ಲಿ? ಅಕ್ಕ ಹೆಚ್ಚು ಯೋಚಿಸದೆ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಥಂಡಿ ಹಿಡಿಯಬಾರದೆಂದು ಏರಿಸಿಟ್ಟ ಚಾಲಿ, ಅಂದರೆ ಒಣಗಿಸಿ ಸುಲಿದ, ಅಡಕೆಯ ಗೋಣಿಗಳ ಮೇಲೆ, ಬೂಟುಗಳನ್ನು ಸಾಲಾಗಿ ಕವುಚಿ ಹಾಕಿದಳು. ಬಿಸಿಗೆ ರಬ್ಬರಿನ ಅಂಟು ಬಿಟ್ಟು ಎರಡು ಜೊತೆ ಬೂಟಿನ ಅಟ್ಟೆ ಬಾಯಿ ತೆರೆಯಿತು. ಬಾಕಿಯವು ಚೆನ್ನಾಗಿಯೇ ಒಣಗಿದವು, ವಾಸನೆಯನ್ನು ಕೆಳಗಿನ ಗೋಣಿಗೆ ಇಳಿಸಿ.

ಚೌತಿಗೆ ದುಡ್ಡು ಬೇಕೆಂದು ಬಾವ ಅಡಕೆ ಕೊಡಲು ಹೊರಟರು. ವ್ಯಾಪಾರಿ ಗೋಣಿಯ ಬಾಯಿ ಬಿಚ್ಚಿ ಒಂದು ಮುಷ್ಟಿ ತೆಗೆದು ನೋಡಿದ. ಒಡೆದು ನೋಡಿದ, ಒಳಗೆ ಬೆಳ್ಳಗೆ ಚಂದ ಇತ್ತು. ಮೂಗಿನ ಹತ್ತಿರ ಹಿಡಿದ. ಇನ್ನೊಮ್ಮೆ ಹಿಡಿದ.

"ಅಣ್ಣೇ, ಇದರಲ್ಲಿ ನೀರಡಕೆ ಬೆರಕೆ ಉಂಟಾ?"

ಬಾವ ನನ್ನ ಮುಖ ನೋಡಿದರು. ನಾನು ತಕ್ಕಡಿಯ ಮುಳ್ಳು ನೋಡಿದೆ. ಇಡೀ ಲೋಡು ಪಟೋರದ, ಅಂದರೆ ಕೀಳು ದರ್ಜೆಯ ಅಡಕೆಯ, ದರಕ್ಕೆ ಹೋಯಿತು.