ಎಡಹೊಳ್ಳೆಯ ಚಟ

ಡಿಸೆಂಬರಿನಲ್ಲಿ ನಮ್ಮ ಕಲಬುರಗಿ ಸುತ್ತ ತೊಗರಿ ರಾಶಿ ಶುರುವಾಯಿತೆಂದರೆ ನನ್ನ ಮೂಗಿಗೆ ಬೀಗ. ಹೋದ ವರ್ಷ ಔಷಧಿ ಅಂಗಡಿಯವನು ಬೆರಳುದ್ದದ ಬಾಟ್ಲಿ ಕೊಟ್ಟ. ಝೈಲೋಮೆಟಝೋಲಿನ್, ಕಟ್ಟಿದ ಮೂಗು ಬಿಡಿಸುವ ಹನಿ. ಎರಡು ಹನಿ ಬಿಟ್ಟು ಐದು ನಿಮಿಷ ಅಂಗಾತ ಬಿದ್ದಿದ್ದೆ, ಅಡುಗೆಮನೆಯ ಖಾರಬ್ಯಾಳಿ ವಾಸನೆ ಹಾಸಿಗೆಗೇ ಬಂತು. "ಮೂರು ದಿನ, ಭಾಳ ಅಂದ್ರ ಐದು ದಿನ ರೀ" ಅಂದಿದ್ದನಂತೆ ಅವನು. ಆಗ ನನ್ನ ಕಿವಿಯೂ ಕಟ್ಟಿತ್ತೇನೋ.

ಐದು ತಿಂಗಳಾಯಿತು. ಅಂಗಿ ಕಿಸೆಯಲ್ಲೊಂದು, ಗಾಡಿ ಡಿಕ್ಕಿಯಲ್ಲೊಂದು, ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಒಂದು. "ನನಗ ತಂದ ಸೀರಿಗಿಂತ ನಿಮ್ಮ ಬಾಟ್ಲಿನೇ ಹೆಚ್ಚಾದವು" ಅಂದಳು ಹೆಂಡತಿ.

ಆಗಲೇ ಕಣ್ಣಿನ ಪೊರೆ ತೆಗೆಸಿಕೊಂಡು ಆಳಂದದ ಕಾಕಾ ನಮ್ಮಲ್ಲಿಗೆ ಬಂದರು. ಒಂದು ರಾತ್ರಿ ಕರೆಂಟ್ ಹೋಗಿ, ಮೂಗು ಕಟ್ಟಿ, ಕತ್ತಲಲ್ಲಿ ತಡಕಾಡಿ ಎರಡು ಹನಿ ಬಿಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಬಲಹೊಳ್ಳೆ ತೆರೆಯಿತು. ನಿದ್ದೆಯೂ ಬಂತು.

ಮುಂಜಾನೆ ಕಾಕಾ ಎಬ್ಬಿಸಿದರು. "ತಮ್ಮಾ, ನನ್ನ ಕಣ್ಣಿನ ಔಷಧ ನಿನ್ನ ದಿಂಬಿನ ಕೆಳಗ ಹ್ಯಾಂಗ ಬಂತು?" ಅವರ ಕೈಯಲ್ಲಿ ನನ್ನ ಬಾಟ್ಲಿ! ಪುಣ್ಯಕ್ಕೆ ಮುಚ್ಚಳ ತೆಗೆದಿರಲಿಲ್ಲ. "ನೀ ಹಾಕ್ಕೊಂಡದ್ದು ಇರಲಿ, ನಾ ಹಾಕ್ಕೊಂಡಿದ್ರ?"

ಮೂಗಿನ ಡಾಕ್ಟರರು ಮೊದಲು ಹೊಟ್ಟೆ ತುಂಬ ನಕ್ಕರು. ಆರೋಗ್ಯವಂತರ ಮೂಗಿನಲ್ಲೂ ಹೊಳ್ಳೆಗಳು ಪಾಳಿ ಮಾಡುತ್ತವಂತೆ. ಕೆಲವು ತಾಸು ಒಂದು ಬಿಗಿದರೆ ಇನ್ನೊಂದು ಬಿಚ್ಚುತ್ತದೆ. ನನ್ನ ಬಲಹೊಳ್ಳೆಯ ಡ್ಯೂಟಿ ಹೊತ್ತಿಗೆ ಕಾಕಾನ ಔಷಧ ಹೆಸರು ತೆಗೆದುಕೊಂಡಿತ್ತು, ಅಷ್ಟೇ. ನನ್ನ ಹನಿಯದು ಬೇರೆ ಕಥೆ. ಅದು ರಕ್ತನಾಳ ಹಿಂಡಿ ಒಳಪೊರೆಯನ್ನು ಕುಗ್ಗಿಸುತ್ತದೆ. ದಿನಗಟ್ಟಲೆ ಹಾಕಿದರೆ, ಅಮಲು ಇಳಿದಂತೆ ಪೊರೆ ಮೊದಲಿಗಿಂತ ಜಾಸ್ತಿ ಉಬ್ಬುತ್ತದೆ. 1990ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಇದರ ಅಣ್ಣತಮ್ಮನಾದ ಆಕ್ಸಿಮೆಟಝೋಲಿನ್ನನ್ನು ಆರೋಗ್ಯವಂತರಿಗೆ ಒಂದು ತಿಂಗಳು ಕೊಟ್ಟು ನೋಡಿದರು. ನೆಗಡಿಯೇ ಇಲ್ಲದವರ ಮೂಗು ಬಾತುಕೊಂಡಿತು! ನಾಳ ಹಿಗ್ಗಿದ್ದಷ್ಟೇ ಅಲ್ಲ, ಅಂಗಾಂಶದೊಳಗೆ ನೀರೂ ತುಂಬಿರಬೇಕು ಎಂಬುದು ಅವರ ಲೆಕ್ಕ. (ಇದ್ದ ಮೂಗನ್ನು ಹೀಗೆ ಒಪ್ಪಿಸಿದ ಆ ಪುಣ್ಯಾತ್ಮರಿಗೆ ಶರಣು.)

"ನಿಮ್ಮ ನೆಗಡಿ ಎಂದೋ ಊರು ಬಿಟ್ಟದ," ಅಂದರು ಡಾಕ್ಟರರು. "ಈಗಿರೋದು ಔಷಧದ್ದೇ ಬಾವು."

ಅಂದರೆ ಐದು ತಿಂಗಳು ನಾನು ಮೀಟರ್ ಬಡ್ಡಿ ಕಟ್ಟಿದ್ದೆ. ಅಸಲು ಯಾವಾಗಲೋ ತೀರಿತ್ತು.

ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟು, ಒಂದೊಂದೇ ಹೊಳ್ಳೆಗೆ ಹನಿಯ ಚಟ ಬಿಡಿಸಲು ಹೇಳಿದರು. ಬಲಗಡೆಯದು ವಾರದಲ್ಲಿ ಸಭ್ಯವಾಯಿತು. ಎಡಗಡೆಯದು ರಾತ್ರಿಯಾದರೆ ಗೋಗರೆಯುತ್ತದೆ.

ಮೊನ್ನೆ ಹೆಂಡತಿ ಮಾಳಿಗೆ ಮೇಲೆ ತವರಿಗೆ ಫೋನು ಮಾಡುತ್ತಿದ್ದಳು. "ಪೂರಾ ಬಿಟ್ಟಿಲ್ಲವ್ವ. ಬಾಟ್ಲಿ ದಿಂಬಿನ ಕೆಳಗ ಇಟ್ಕೊಂಡೇ ಮಲಗ್ತಾರ. ಎರಡೇ ಹನಿ ಅಂತಾರ." ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಹಾಕುತ್ತಿದ್ದ ಅತ್ತಿಯವರಿಗೆ ಅಷ್ಟು ಸಾಕಾಯಿತು. ಮರುದಿನ ಗೇಟಿನಲ್ಲೇ ನನ್ನನ್ನು ಹಿಡಿದರು.

"ಶರಣಬಸಪ್ಪನ ಗುಡಿಗಿ ಹೋಗಿ ಆಣಿ ಮಾಡ್ರಿ. ಎಂಥೆಂಥವರೋ ಬಿಟ್ಟಾರ."

"ಅದು ಕುಡಿಯೋದಲ್ರೀ, ಬೂಗಿಂದು," ಅಂದೆ.

ಅತ್ತಿ ನನ್ನ ಹೆಂಡತಿಯ ಕಡೆ ತಿರುಗಿದರು. "ಮುಂಜಾನಿಂದಲೇ ನಾಲಿಗಿ ತೊದಲ್ತದೇನವ್ವ?"