ಉತ್ತರ ಕೊಡಬೇಕಾಗಿಲ್ಲದ ಉತ್ತರದಾಯಿ

ಕಡತವೊಂದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ 'ಅವಗಾಹನೆಗಾಗಿ' ಹೋಗಿ, 'ಪರಿಶೀಲಿಸಿ ಮಂಡಿಸಿ' ಎಂಬ ಷರಾ ಹೊತ್ತು ಮೊದಲಿನ ಮೇಜಿಗೇ ಮರಳುವುದನ್ನು ಕಂಡು ಬೆಳೆದ ನಮಗೆ, ಆಸ್ಟ್ರೇಲಿಯಾ ಸರ್ಕಾರದ ಕೃತಕ ಬುದ್ಧಿಮತ್ತೆಯ ನೀತಿಯನ್ನು ಓದುವಾಗ ಪರದೇಶದಲ್ಲಿ ನಮ್ಮೂರಿನವರೇ ಸಿಕ್ಕಷ್ಟು ಸಂತೋಷವಾಗುತ್ತದೆ. 2024ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಈ ನೀತಿಯ ಹೆಸರಿನಲ್ಲೇ 'ಜವಾಬ್ದಾರಿಯುತ ಬಳಕೆ' ಎಂಬ ಮಾತಿದೆ. ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ 90 ದಿನಗಳೊಳಗೆ ಒಬ್ಬ ಉತ್ತರದಾಯಿ ಅಧಿಕಾರಿಯನ್ನು ನೇಮಿಸಬೇಕಿತ್ತು ಮತ್ತು ಆರು ತಿಂಗಳೊಳಗೆ ಪಾರದರ್ಶಕತೆಯ ಹೇಳಿಕೆಯೊಂದನ್ನು ಪ್ರಕಟಿಸಬೇಕಿತ್ತು. ರಕ್ಷಣಾ ಇಲಾಖೆಗೂ ಗುಪ್ತಚರ ಸಂಸ್ಥೆಗಳಿಗೂ ಇದು ಅನ್ವಯಿಸುವುದಿಲ್ಲ; ಬಹುಶಃ ಅಲ್ಲಿನ ಯಂತ್ರಗಳು ಹುಟ್ಟಿನಿಂದಲೇ ಸಂಭಾವಿತವಾಗಿರಬೇಕು.

ನನ್ನ ಮೆಚ್ಚುಗೆಯೆಲ್ಲ ಆ ಉತ್ತರದಾಯಿ ಅಧಿಕಾರಿಗೇ ಮೀಸಲು. ನೀತಿಯನ್ನು ಸಂಸ್ಥೆಯಲ್ಲಿ ಅನುಷ್ಠಾನಕ್ಕೆ ತರುವ ಹೊಣೆ ಅವರದು. ಆದರೆ ಆ ಸಂಸ್ಥೆ ಕೃತಕ ಬುದ್ಧಿಮತ್ತೆಯನ್ನು ಯಾವ ಯಾವ ಕೆಲಸಕ್ಕೆ ಬಳಸುತ್ತದೋ ಅದರ ಹೊಣೆ, ಸಂಸ್ಥೆಯೇ ಬೇರೆಯಾಗಿ ವಹಿಸದ ಹೊರತು, ಅವರದಲ್ಲವೆಂದು ಮಾರ್ಗಸೂಚಿ ಮೊದಲೇ ಸ್ಪಷ್ಟಪಡಿಸಿದೆ. ಮದುವೆಮನೆಯಲ್ಲಿ ಅಡುಗೆಯ ಉಸ್ತುವಾರಿ ಹೊತ್ತು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಓಡಾಡುವ ಹಿರಿಯರನ್ನು ಸಾರಿಗೆ ಉಪ್ಪು ಹಾಕಿದವರು ಯಾರೆಂದು ಕೇಳಬಾರದಷ್ಟೆ. ಈ ಹೊಣೆಯನ್ನು ಒಬ್ಬ ವ್ಯಕ್ತಿಗೆ ಬದಲಾಗಿ ಸಮಿತಿಯೊಂದರ ಅಧ್ಯಕ್ಷರಿಗೆ ವಹಿಸಬಹುದು, ಹಲವರಿಗೆ ಹಂಚಲೂಬಹುದು. ನಮ್ಮ ಕಚೇರಿಗಳಲ್ಲಿ ಇಷ್ಟನ್ನು ಸಾಧಿಸಲು ಮೂರು ತಲೆಮಾರಿನ ಗುಮಾಸ್ತರ ಅನುಭವ ಬೇಕಾಯಿತು. ಆಸ್ಟ್ರೇಲಿಯಾದವರು ಒಂದೇ ದಸ್ತಾವೇಜಿನಲ್ಲಿ ಮುಗಿಸಿದ್ದಾರೆ.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತೆಂದರೆ, ಆ ದೇಶಕ್ಕೆ ಈ ವಿಷಯದಲ್ಲಿ ಒಂದು ಹಳೆಯ ಗಾಯವಿದೆ. 2015ರಲ್ಲಿ ಆರಂಭವಾಗಿ 2019ರವರೆಗೆ ನಡೆದ 'ರೋಬೋಡೆಟ್' ಎಂಬ ವ್ಯವಸ್ಥೆ, ನಿರುದ್ಯೋಗ ಭತ್ಯೆಯಂತಹ ನೆರವು ಪಡೆದವರಿಂದ ಹೆಚ್ಚುವರಿ ಹಣವನ್ನು ವಾಪಸು ವಸೂಲು ಮಾಡಲೆಂದು ಹುಟ್ಟಿತು. ಇದನ್ನು ಕೃತಕ ಬುದ್ಧಿಮತ್ತೆಯ ಅಪಾಯಕ್ಕೆ ಉದಾಹರಣೆಯಾಗಿ ಭಾಷಣಗಳಲ್ಲಿ ಹೇಳುವುದುಂಟು. ಆದರೆ ಅದರಲ್ಲಿ ಬುದ್ಧಿಮತ್ತೆ, ಕೃತಕವೋ ಸಹಜವೋ, ಯಾವುದೂ ಇರಲಿಲ್ಲ, ಇದ್ದದ್ದು ನಾಲ್ಕನೇ ತರಗತಿಯ ಭಾಗಾಕಾರ ಮಾತ್ರ. ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಅದು ವರ್ಷದ 26 ಪಕ್ಷಗಳಿಗೆ, ಅಂದರೆ ಎರಡೆರಡು ವಾರಗಳ ಅವಧಿಗಳಿಗೆ, ಸಮನಾಗಿ ಹಂಚುತ್ತಿತ್ತು. ಒಬ್ಬಾಕೆ ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿ, ಕೆಲಸ ಹೋದ ಮೇಲೆ ಉಳಿದ ಆರು ತಿಂಗಳು ನ್ಯಾಯವಾಗಿಯೇ ಭತ್ಯೆ ಪಡೆದಳೆನ್ನಿ. ಲೆಕ್ಕದ ಪ್ರಕಾರ ಆಕೆ ಮನೆಯಲ್ಲಿ ಕುಳಿತಿದ್ದಾಗಲೂ ಪಕ್ಷಕ್ಕೆ 1,000 ಡಾಲರ್ ದುಡಿಯುತ್ತಲೇ ಇದ್ದಳು. ಆದ್ದರಿಂದ ಆಕೆ ಸರ್ಕಾರಕ್ಕೆ ಬಾಕಿದಾರಳು. ಅಲ್ಲವೆಂದಾದರೆ ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಆಕೆಯೇ ಹುಡುಕಿ ತಂದು ತೋರಿಸಬೇಕು. ತೋರಿಸದಿದ್ದರೆ ಖಾಸಗಿ ವಸೂಲಿಗಾರರು ಬಾಗಿಲಿಗೆ ಬರುತ್ತಾರೆ.

ಇಂತಹ ಲೆಕ್ಕಕ್ಕೆ ಕಾನೂನಿನ ಬೆಂಬಲವಿಲ್ಲದಿರಬಹುದೆಂದು 2014ರಲ್ಲೇ ಸರ್ಕಾರದೊಳಗಿನ ಕಾನೂನು ಸಲಹೆ ಎಚ್ಚರಿಸಿತ್ತು. ಆ ಸಲಹೆ, ಸಲಹೆಗಳೆಲ್ಲ ಹೋಗುವ ಜಾಗಕ್ಕೆ ಹೋಯಿತು. ಕೊನೆಗೆ 2020ರಲ್ಲಿ ಸುಮಾರು 4,70,000 ಬಾಕಿಗಳಿಗೆ ಸಂಬಂಧಿಸಿದಂತೆ 72.1 ಕೋಟಿ ಡಾಲರ್ ಹಿಂದಿರುಗಿಸುವುದಾಗಿ ಸರ್ಕಾರ ಘೋಷಿಸಬೇಕಾಯಿತು. 2023ರ ಜುಲೈಯಲ್ಲಿ ಮಾಜಿ ನ್ಯಾಯಾಧೀಶೆ ಕ್ಯಾಥರೀನ್ ಹೋಮ್ಸ್ ಅವರ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ 57 ಶಿಫಾರಸುಗಳ ವರದಿ ಕೊಟ್ಟು, ಈ ಯೋಜನೆ ಒರಟೂ ಕ್ರೂರವೂ ಆಗಿತ್ತು, ನ್ಯಾಯವೂ ಕಾನೂನುಬದ್ಧವೂ ಆಗಿರಲಿಲ್ಲ ಎಂದಿತು. ಕ್ರಮಕ್ಕಾಗಿ ಯಾರ ಯಾರ ಹೆಸರನ್ನು ಶಿಫಾರಸು ಮಾಡಲಾಗಿತ್ತೋ ಆ ಒಂದು ಅಧ್ಯಾಯವನ್ನು ಮಾತ್ರ ಪ್ರಕಟಿಸದೆ ಮೊಹರು ಹಾಕಿಡಲಾಯಿತು. ಬಾಕಿದಾರರೆಂದು ಹೆಸರಿಸಿದವರಿಗೆ ಪತ್ರ ಹೋಗಿತ್ತು. ಇವರಿಗೆ ಮೊಹರು ಸಿಕ್ಕಿತು.

ಪಾಠ ಕಲಿತಾಗಿತ್ತು, ನೀತಿ ಬರೆದಾಗಿತ್ತು, ಅಧಿಕಾರಿಗಳನ್ನು ಹೆಸರಿಸಿಯೂ ಆಗಿತ್ತು. ಆಗ ಉದ್ಯೋಗ ಇಲಾಖೆಗೆ, ನೆರವು ಪಡೆಯುವವರು ನಿಯಮ ತಪ್ಪಿದರೆ ತಾನಾಗಿಯೇ ದಂಡನೆ ವಿಧಿಸುವ ತನ್ನ ಇನ್ನೊಂದು ಗಣಕ ವ್ಯವಸ್ಥೆಯನ್ನು ಹೊರಗಿನವರಿಂದ ಪರಿಶೀಲಿಸಬೇಕೆನಿಸಿತು. ಸುಮಾರು 4,40,000 ಡಾಲರ್ ಶುಲ್ಕಕ್ಕೆ ಡೆಲಾಯ್ಟ್ ಎಂಬ ಖಾಸಗಿ ಸಲಹಾ ಸಂಸ್ಥೆ ಆ ಕೆಲಸ ವಹಿಸಿಕೊಂಡಿತು. 2025ರಲ್ಲಿ ವರದಿ ಪ್ರಕಟವಾದಾಗ, ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಅದರ ಅಡಿಟಿಪ್ಪಣಿಗಳನ್ನು ಓದಿಬಿಟ್ಟರು. (ಸರ್ಕಾರಿ ವರದಿಯ ಅಡಿಟಿಪ್ಪಣಿಯನ್ನು ಯಾರಾದರೂ ಓದಬಹುದೆಂಬ ಅಪಾಯವನ್ನು ಯಾವ ಕಾರ್ಯತಂತ್ರವೂ ಮುಂಗಾಣುವುದಿಲ್ಲ.) ಅಲ್ಲಿ ಉಲ್ಲೇಖಗೊಂಡಿದ್ದ ಕೆಲವು ಪ್ರಬಂಧಗಳನ್ನು ಯಾರೂ ಬರೆದಿರಲಿಲ್ಲ. ರೋಬೋಡೆಟ್ ಪ್ರಕರಣದಲ್ಲೇ ನ್ಯಾಯಾಲಯ ಹೇಳಿತೆಂದು ಕೊಟ್ಟಿದ್ದ ಮಾತನ್ನು ನ್ಯಾಯಾಲಯ ಹೇಳಿರಲಿಲ್ಲ. ಯಂತ್ರದ ಲೆಕ್ಕದಿಂದ ಜನರಿಗಾದ ಅನ್ಯಾಯದ ಕುರಿತ ತೀರ್ಪಿನ ಸಾಲು, ಯಂತ್ರದ ದಂಡನೆಯನ್ನು ಪರಿಶೀಲಿಸುವ ವರದಿಯಲ್ಲಿ, ಹೀಗೆ ಕಲ್ಪಿತವಾಗಿ ಹುಟ್ಟಿತ್ತು. ಎತ್ತು ಕರು ಹಾಕಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಕಥೆ ನಮಗೆ ಗೊತ್ತು. ಇಲ್ಲಿ ಕೊಟ್ಟಿಗೆಯ ಬಾಡಿಗೆಯನ್ನೂ ಖಜಾನೆಯಿಂದ ಕೊಡಲಾಗಿತ್ತು.

ಅಕ್ಟೋಬರ್‌ನಲ್ಲಿ ತಿದ್ದಿದ ಪ್ರತಿ ಬಂದಿತು, ತಾನಾಗಿಯೇ ಬರಹ ಹೊಸೆಯುವ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಯೊಂದನ್ನು ಬಳಸಲಾಗಿತ್ತೆಂಬ ಸಾಲು ಅದರಲ್ಲಿ ಹೊಸದಾಗಿ ಸೇರಿತು. ಆಧಾರಗಳು ಬಿದ್ದುಹೋದರೂ ಶಿಫಾರಸುಗಳು ಒಂದಿಷ್ಟೂ ಬದಲಾಗಿಲ್ಲವೆಂದು ಸಮಾಧಾನ ಹೇಳಲಾಯಿತು; ಕಂಬ ಕಿತ್ತರೂ ನಿಲ್ಲುವ ಚಪ್ಪರವನ್ನು ಕಂಡು ಸಂತೋಷಪಡಬೇಕೋ, ಕಂಬಗಳು ಮೊದಲಿನಿಂದಲೂ ಅಲಂಕಾರಕ್ಕೇ ಇದ್ದವೆಂದು ತಿಳಿಯಬೇಕೋ, ನನಗೆ ತೋಚಲಿಲ್ಲ. ಶುಲ್ಕದ ಕೊನೆಯ ಕಂತನ್ನು ಹಿಂದಿರುಗಿಸಲು ಸಂಸ್ಥೆ ಒಪ್ಪಿತು. ಪೂರ್ತಿ ಶುಲ್ಕವನ್ನು 26 ಪಕ್ಷಗಳಿಗೆ ಹಂಚಿ, ಕೆಲಸ ಮಾಡದ ಪಕ್ಷಗಳದ್ದನ್ನು ಬಾಕಿಯೆಂದು ತೋರಿಸಿ, ಹಳೆಯ ಚೀಟಿಗಳನ್ನು ತರುವಂತೆ ಪತ್ರ ಬರೆದು, ವಸೂಲಿಗಾರರನ್ನು ಅವರ ಬಾಗಿಲಿಗೆ ಕಳುಹಿಸಿದ ಸುದ್ದಿಯನ್ನು ನಾನಂತೂ ಎಲ್ಲಿಯೂ ಓದಿಲ್ಲ.